ವಿಜ್ಞಾನ ಪ್ರಶ್ನೋತ್ತರ: ನಿಮಿಷಗಳಲ್ಲಿ ಸುತ್ತು ಮುಗಿಸುವ ಶ್ವೇತ ಕುಬ್ಜಗಳು

ಗುರುತ್ವ ಅಲೆಗಳ (ಭಾರವಾದ ಕಾಯಗಳ ಚಲನೆಯಿಂದ ದೇಶ-ಕಾಲದಲ್ಲೇ ಏಳುವ ಸಣ್ಣ ಹಿಗ್ಗು-ಕುಗ್ಗುಗಳ) ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕಪ್ಪುಕುಳಿಗಳದ್ದೇ. ಈ ಸಲ ಹಲವು ಓದುಗರು ಶ್ವೇತ ಕುಬ್ಜ ಜೋಡಿಗಳ ಬಗ್ಗೆ ಕೇಳಿದ್ದಾರೆ. ಸೂರ್ಯನಂಥ ನಕ್ಷತ್ರ ಇಂಧನ ಮುಗಿದ ಮೇಲೆ ಉಳಿಸಿಹೋಗುವ ದಟ್ಟ ಗಟ್ಟಿಯೇ ಶ್ವೇತ ಕುಬ್ಜ. ಒಂದೇ ವಿಷಯದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಪ್ಪುಕುಳಿಗಳ ಡಿಕ್ಕಿಯಿಂದ ಬಂದ ಗುರುತ್ವ ಅಲೆಯನ್ನು ಅಮೆರಿಕದ ಲೈಗೊ ವೀಕ್ಷಣಾಲಯ 2015ರಲ್ಲೇ ಹಿಡಿಯಿತು. ಶ್ವೇತ ಕುಬ್ಜ ಜೋಡಿಗಳು ನಮ್ಮ ಗ್ಯಾಲಕ್ಸಿಯಲ್ಲೇ ಕೋಟಿಗಟ್ಟಲೆ ಇವೆಯಂತೆ. ಹಾಗಿದ್ದೂ ಅವುಗಳ ಅಲೆ ಏಕೆ ಸಿಕ್ಕಿಲ್ಲ? ಮಹಾರಾಷ್ಟ್ರದ ಹಿಂಗೋಲಿಯ ಲೈಗೊ-ಇಂಡಿಯಾಕ್ಕಾದರೂ ಸಿಕ್ಕೀತೇ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಶಿವಮೊಗ್ಗ

ಸಿಗುವುದಿಲ್ಲ. ಅಲೆ ದುರ್ಬಲ ಎಂಬುದಕ್ಕಿಂತ ಅದು ತೀರಾ ನಿಧಾನ ಎಂಬುದೇ ಇಲ್ಲಿ ಮುಖ್ಯ ತೊಡಕು.

ಜೋಡಿ ನಕ್ಷತ್ರಗಳು ಒಂದು ಸುತ್ತು ಮುಗಿಸುವಷ್ಟರಲ್ಲಿ ಎರಡು ಅಲೆಗಳು ಹೊರಡುತ್ತವೆ. ಅರ್ಧ ಸುತ್ತು ತಿರುಗಿದರೆ ದ್ರವ್ಯರಾಶಿಯ ಹಂಚಿಕೆ ಹೆಚ್ಚುಕಡಿಮೆ ಮೊದಲಿನಂತೆಯೇ ಕಾಣುವುದರಿಂದ ಹೀಗೆ. ಸೂರ್ಯನ 0.6ರಷ್ಟು ತೂಗುವ ಶ್ವೇತ ಕುಬ್ಜದ ತ್ರಿಜ್ಯ ಸುಮಾರು 8,700 ಕಿ.ಮೀ., ಅಂದರೆ ಭೂಮಿಗಿಂತ ಸ್ವಲ್ಪ ದೊಡ್ಡದು. ಅಂಥ ಎರಡು ಕುಬ್ಜಗಳು ಒಂದನ್ನೊಂದು ಮುಟ್ಟುವ ಹಂತಕ್ಕೆ ಬಂದಾಗಲೂ ಒಂದು ಸುತ್ತಿಗೆ ಸುಮಾರು ಒಂದು ನಿಮಿಷ ಬೇಕು. ಹಾಗಾಗಿ ಅಲೆಯ ಆವರ್ತಾಂಕ ಹರ್ಟ್ಸ್‌ನ ನೂರರಲ್ಲಿ ಮೂರು-ನಾಲ್ಕು ಭಾಗಕ್ಕಿಂತ ಮೇಲೇರುವುದು ಕಷ್ಟ. ಲೈಗೊದ 4 ಕಿ.ಮೀ. ತೋಳುಗಳು ಕೆಲಸಕ್ಕೆ ಬರುವುದು ಸುಮಾರು 10 ಹರ್ಟ್ಸ್‌ನಿಂದ ಮೇಲೆ. 30 ಸೂರ್ಯರಷ್ಟು ತೂಕದ ಕಪ್ಪುಕುಳಿಯ ತ್ರಿಜ್ಯ 90 ಕಿ.ಮೀ. ಅಷ್ಟೆ. ಅಂಥ ಎರಡು ಸೇರಿದರೆ ಕೊನೆಗಳಿಗೆಯಲ್ಲಿ ನೂರು ಹರ್ಟ್ಸ್ ದಾಟುವುದರಿಂದ ಲೈಗೊ ಅವನ್ನು ಕೇಳಿಸಿಕೊಳ್ಳುತ್ತದೆ.

ಉಪಕರಣವನ್ನು ಇನ್ನಷ್ಟು ಸೂಕ್ಷ್ಮ ಮಾಡಿ ಕೆಳಗಿನ ಆವರ್ತಾಂಕಕ್ಕೆ ಇಳಿಯಬಾರದೇ ಎಂದು ಕೇಳಬಹುದು. ನೆಲದ ಕಂಪನವನ್ನು ತೂಗುಕಂಬಿಗಳಿಂದ ತಡೆಯಬಹುದು, ಸರಿ. ಆದರೆ ನೆಲದೊಳಗೆ ಕಂಪನ ಹಾದುಹೋದಾಗ, ಮೇಲೆ ಗಾಳಿಯ ಸಾಂದ್ರತೆ ಬದಲಾದಾಗ, ಅವುಗಳ ಗುರುತ್ವವೇ ಕನ್ನಡಿಯನ್ನು ನೇರವಾಗಿ ಎಳೆಯುತ್ತದೆ. ಗುರುತ್ವಕ್ಕೆ ಅಡ್ಡ ಕಟ್ಟುವ ಗೋಡೆ ಇಲ್ಲ. ಮಿಲಿಹರ್ಟ್ಸ್ ಅಲೆ ಬೇಕೆಂದರೆ ಭೂಮಿ ಬಿಟ್ಟು ಹೋಗಲೇಬೇಕು.

ಪ್ರಶ್ನೆ: ಅಲೆಯೇ ಸಿಕ್ಕಿಲ್ಲ ಎಂದ ಮೇಲೆ, ಈ ಜೋಡಿಗಳು ಅಲೆ ಹೊರಡಿಸುತ್ತವೆ ಎಂದು ಖಚಿತವಾಗಿ ಹೇಳುವುದು ಹೇಗೆ?
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಹಾವೇರಿ

ಗಡಿಯಾರ ನೋಡಿ. ಅಲೆ ಹೊರಟರೆ ಜೋಡಿಯ ಶಕ್ತಿ ಸೋರುತ್ತದೆ, ಕಕ್ಷೆ ಕುಗ್ಗುತ್ತದೆ, ಸುತ್ತಿನ ಅವಧಿ ಕಡಿಮೆಯಾಗುತ್ತದೆ. 1974ರಲ್ಲಿ ಪತ್ತೆಯಾದ ಹಲ್ಸ್-ಟೇಲರ್ ನ್ಯೂಟ್ರಾನ್ ತಾರೆಗಳ ಜೋಡಿಯಲ್ಲಿ ಮೊದಲು ಕಂಡದ್ದು ಇದೇ. ಅಲ್ಲಿ ಅವಧಿ ಕುಗ್ಗುವುದು ವರ್ಷಕ್ಕೆ 76 ಮೈಕ್ರೋಸೆಕೆಂಡಿನಷ್ಟು. 1993ರ ನೊಬೆಲ್ ಬಂದದ್ದು ಆ ಜೋಡಿಯ ಶೋಧಕ್ಕೆ.

ಶ್ವೇತ ಕುಬ್ಜಗಳಲ್ಲಿ ಒಳ್ಳೆಯ ಉದಾಹರಣೆ ಮಿಥುನ ರಾಶಿಯಲ್ಲಿರುವ ಎಸ್‌ಡಿಎಸ್‌ಎಸ್ ಜೆ0651+2844. ಇದು 2011ರಲ್ಲಿ ಪತ್ತೆಯಾಯಿತು. ಸುತ್ತಿನ ಅವಧಿ 765 ಸೆಕೆಂಡು, ಅಂದರೆ 12 ನಿಮಿಷ 45 ಸೆಕೆಂಡು. ಒಂದರ ತೂಕ ಸೂರ್ಯನ ಸುಮಾರು ಅರ್ಧ, ಇನ್ನೊಂದರದು ಕಾಲು ಭಾಗ. ನಮ್ಮ ದೃಷ್ಟಿಗೆ ಇವು ಒಂದನ್ನೊಂದು ಮರೆಮಾಡುವುದರಿಂದ ಪ್ರತಿ ಸುತ್ತಿಗೂ ಗ್ರಹಣ. ಅವಧಿ ಪ್ರತಿ ಸೆಕೆಂಡಿಗೆ 9.8 × 10⁻¹² ಸೆಕೆಂಡು ಕುಗ್ಗುತ್ತಿದೆ. ಇಷ್ಟು ಚಿಕ್ಕ ಸಂಖ್ಯೆಯನ್ನು ಯಾರೂ ನೇರವಾಗಿ ಅಳೆಯುವುದಿಲ್ಲ, ಅಳೆಯುವುದು ಕೂಡುತ್ತಾ ಹೋದ ಮೊತ್ತವನ್ನು. ಪ್ರತಿ ಸುತ್ತು ಹಿಂದಿನದಕ್ಕಿಂತ ಒಂದಿಷ್ಟೇ ಬೇಗ ಮುಗಿಯುತ್ತದೆ, ಆ ಉಳಿಕೆಯೆಲ್ಲ ಒಟ್ಟುಗೂಡುತ್ತದೆ. ಲೆಕ್ಕ ಸುಲಭ: ಕುಗ್ಗುವ ದರವನ್ನು ಅವಧಿಯಿಂದ ಭಾಗಿಸಿ, ಕಳೆದ ಕಾಲದ ವರ್ಗದಿಂದ ಗುಣಿಸಿ, ಅರ್ಧ ಮಾಡಿ. ಒಂದು ವರ್ಷಕ್ಕೆ ಗ್ರಹಣ 6.4 ಸೆಕೆಂಡು ಮುಂಚೆ ಬರುತ್ತದೆ, ಎರಡು ವರ್ಷಕ್ಕೆ 25 ಸೆಕೆಂಡು, ಹತ್ತು ವರ್ಷಕ್ಕೆ ಹತ್ತು ನಿಮಿಷಕ್ಕೂ ಹೆಚ್ಚು. 2012ರಲ್ಲೇ ಈ ಸರಿತ ಕಣ್ಣಿಗೆ ಬಿತ್ತು. ಸಾಪೇಕ್ಷತಾ ಸಿದ್ಧಾಂತ ಹೇಳುವ ದರಕ್ಕೂ ಅಳೆದ ದರಕ್ಕೂ ದೋಷಮಿತಿಯೊಳಗೆ ತಾಳೆಯಿದೆ.

ಇನ್ನೂ ವೇಗದ್ದು ಝಡ್‌ಟಿಎಫ್ ಜೆ1539+5027. ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದ ಝ್ವಿಕಿ ಸಮೀಕ್ಷೆಯಲ್ಲಿ ಸಿಕ್ಕಿತು, 2019ರಲ್ಲಿ ಪ್ರಕಟವಾಯಿತು. ಅವಧಿ 414.79 ಸೆಕೆಂಡು, ಏಳು ನಿಮಿಷವೂ ಇಲ್ಲ. ತೂಕ ಸೂರ್ಯನ 0.61 ಮತ್ತು 0.21. ಎರಡರ ನಡುವಿನ ಅಂತರ ಸುಮಾರು 78,000 ಕಿ.ಮೀ. ಶನಿಗ್ರಹದ ವ್ಯಾಸ 1,20,000 ಕಿ.ಮೀ. ಆದ್ದರಿಂದ ಈ ಇಡೀ ಜೋಡಿಯನ್ನು ಶನಿಯೊಳಗೆ ಕೂರಿಸಬಹುದು. ಬಿಸಿಯಾದ ಕುಬ್ಜವನ್ನು ತಣ್ಣಗಿನದು ಮರೆಮಾಡುವ ಅರ್ಧ ನಿಮಿಷ ಬೆಳಕು ಬಹುತೇಕ ಆರಿಯೇ ಹೋಗುತ್ತದೆ. ಗ್ರಹಣ ಮೊದಲ ವರ್ಷದಲ್ಲೇ 28 ಸೆಕೆಂಡು ಮುಂದೆ ಸರಿಯುತ್ತದೆ.

ಕರ್ಕಾಟಕದಲ್ಲಿರುವ ಎಚ್‌ಎಂ ಕ್ಯಾನ್‌ಕ್ರಿಯ ಅವಧಿ 321.5 ಸೆಕೆಂಡು, ಐದೂವರೆ ನಿಮಿಷಕ್ಕೂ ಕಡಿಮೆ. ಇಲ್ಲಿ ಒಂದು ಎಚ್ಚರಿಕೆ. ಒಂದು ಕುಬ್ಜದಿಂದ ಇನ್ನೊಂದಕ್ಕೆ ಅನಿಲ ಹರಿಯುತ್ತಿರುವುದರಿಂದ ಅವಧಿಯ ಬದಲಾವಣೆ ಪೂರ್ತಿ ಗುರುತ್ವ ಅಲೆಯ ಲೆಕ್ಕಕ್ಕೆ ಬರುವುದಿಲ್ಲ. ಎರಡು ದಶಕಗಳ ಅಳತೆಯಲ್ಲಿ, ಅವಧಿ ಕುಗ್ಗುವ ವೇಗವೇ ನಿಧಾನವಾಗುತ್ತಿರುವುದು ಕಂಡಿದೆ. ಶುದ್ಧ ಪರೀಕ್ಷೆಗೆ ಅನಿಲ ಹರಿಯದ, ಗ್ರಹಣವಾಗುವ ಜೋಡಿಗಳೇ ಬೇಕು. ಅಲ್ಲೂ ಉಬ್ಬರದ ಸೆಳೆತ ಸ್ವಲ್ಪ ಶಕ್ತಿ ನುಂಗುತ್ತದೆ. ಕುಗ್ಗುವ ದರದಲ್ಲಿ ಅದರ ಪಾಲು ಶೇ 5–10ರಷ್ಟಿರಬಹುದೆಂದು ಲೆಕ್ಕ.

ಪ್ರಶ್ನೆ: ನನ್ನಲ್ಲಿ 8 ಅಂಗುಲದ ದೂರದರ್ಶಕವೂ ಕಪ್ಪು-ಬಿಳುಪು ಸಿಎಂಒಎಸ್ ಕ್ಯಾಮೆರಾವೂ ಇವೆ. ಇಂಥ ಗ್ರಹಣದ ಸಮಯ ಅಳೆಯಬಹುದೇ?
— ಹವ್ಯಾಸಿ ಖಗೋಳ ವೀಕ್ಷಕರು, ಧಾರವಾಡ

ಮೇಲಿನ ಜೋಡಿಗಳನ್ನಂತೂ ಆಗದು. ಜೆ0651ರ ಕಾಂತಿಮಾನ ಸುಮಾರು 19 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು). ಹತ್ತು-ಹದಿನೈದು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ 8 ಅಂಗುಲದ ಕನ್ನಡಿಗೆ ಬೀಳುವ ಬೆಳಕು ಏನೇನೂ ಸಾಲದು. ಎಕ್ಸ್‌ಪೋಷರ್ ಉದ್ದ ಮಾಡಿದರೆ ಗ್ರಹಣವೇ ಅಳಿಸಿಹೋಗುತ್ತದೆ.

ಅದೇ ವಿದ್ಯೆಯನ್ನು ಕಲಿಯಲು ಎಚ್‌ಡಬ್ಲ್ಯು ವರ್ಜಿನಿಸ್ ಹಿಡಿಯಿರಿ. ಕನ್ಯಾ ರಾಶಿಯಲ್ಲಿದೆ, ಕಾಂತಿಮಾನ 10.5ರ ಆಸುಪಾಸು, ಫೆಬ್ರುವರಿಯಿಂದ ಮೇವರೆಗೆ ನಮ್ಮಲ್ಲಿ ಚೆನ್ನಾಗಿ ಮೇಲೇರುತ್ತದೆ. ಮುಂದೊಂದು ದಿನ ಶ್ವೇತ ಕುಬ್ಜವಾಗಲಿರುವ ಬಿಸಿ ಉಪಕುಬ್ಜ ಒಂದು, ಕೆಂಪು ಕುಬ್ಜ ಇನ್ನೊಂದು. ಅವಧಿ 2 ಗಂಟೆ 48 ನಿಮಿಷ, ಆದ್ದರಿಂದ ಒಂದೇ ರಾತ್ರಿಯಲ್ಲಿ ಎರಡು ಗ್ರಹಣ ಸಿಗುತ್ತವೆ. ಗ್ರಹಣದ ಗುಂಡಿಯೂ ಸಾಕಷ್ಟು ಆಳ.

10 ಸೆಕೆಂಡಿನ ಎಕ್ಸ್‌ಪೋಷರ್ ಸಾಕು. ಗ್ರಹಣದ ಹಿಂದೆ-ಮುಂದೆ ಕನಿಷ್ಠ 20 ನಿಮಿಷ ಸೇರಿಸಿಕೊಂಡು ಚಿತ್ರ ತೆಗೆಯುತ್ತಲೇ ಇರಿ. ಅದೇ ಚೌಕಟ್ಟಿನಲ್ಲಿ ಸರಿಸುಮಾರು ಅಷ್ಟೇ ಹೊಳಪಿನ ಎರಡು ಹೋಲಿಕೆ ನಕ್ಷತ್ರಗಳಿರಲಿ, ಯಾವುದೂ ಸ್ಯಾಚುರೇಟ್ ಆಗಬಾರದು. ಕಾಂತಿ ಅಳೆಯುವುದರಲ್ಲಿ ಯಾರೂ ಅಷ್ಟಾಗಿ ಎಡವುವುದಿಲ್ಲ, ಎಡವುವುದು ಸಮಯದಲ್ಲಿ. ಲ್ಯಾಪ್‌ಟಾಪ್ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡು ತಪ್ಪುವುದು ಮಾಮೂಲಿ. ಜಿಪಿಎಸ್ ರಿಸೀವರ್ ಇದ್ದರೆ ಉತ್ತಮ, ಇಲ್ಲದಿದ್ದರೆ ವೀಕ್ಷಣೆ ಶುರುಮಾಡುವ ಮೊದಲೂ ನಡುನಡುವೆಯೂ ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಸಾಫ್ಟ್‌ವೇರ್ ಚಿತ್ರದ ಮೇಲೆ ಬರೆಯುವುದು ಸಾಮಾನ್ಯವಾಗಿ ಎಕ್ಸ್‌ಪೋಷರ್ ಶುರುವಾದ ಹೊತ್ತು. ನಿಮಗೆ ಬೇಕಾದ್ದು ನಡುವಿನ ಹೊತ್ತು, ಆದ್ದರಿಂದ ಐದು ಸೆಕೆಂಡು ಕೂಡಿಸಿ.

ಆಮೇಲಿನದು ದೊಡ್ಡದು. ಭೂಮಿ ಸೂರ್ಯನನ್ನು ಸುತ್ತುವುದರಿಂದ ನಕ್ಷತ್ರದ ಬೆಳಕು ನಮಗೆ ಕೆಲವು ತಿಂಗಳು ಬೇಗ, ಕೆಲವು ತಿಂಗಳು ತಡವಾಗಿ ಮುಟ್ಟುತ್ತದೆ. ಎಚ್‌ಡಬ್ಲ್ಯು ವರ್ಜಿನಿಸ್ ಕ್ರಾಂತಿವೃತ್ತಕ್ಕೆ (ಆಕಾಶದಲ್ಲಿ ಸೂರ್ಯ ಸಾಗುವ ದಾರಿಗೆ) ಹತ್ತಿರವಿದೆ, ಹಾಗಾಗಿ ಈ ತಿದ್ದುಪಡಿ ಸುಮಾರು 8.3 ನಿಮಿಷದವರೆಗೆ ಹೆಚ್ಚೂ ಆಗುತ್ತದೆ, ಕಡಿಮೆಯೂ ಆಗುತ್ತದೆ. ಸಮಯವನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ತಂದುಕೊಳ್ಳಿ, ಸೂರ್ಯನ ಕೇಂದ್ರಕ್ಕಲ್ಲ. ಎರಡಕ್ಕೂ ಸುಮಾರು 4 ಸೆಕೆಂಡಿನವರೆಗೆ ವ್ಯತ್ಯಾಸ ಬರುತ್ತದೆ. ಕೊನೆಗೆ ಯುಟಿಸಿಯಿಂದ (ಗಡಿಯಾರಗಳು ತೋರಿಸುವ ಜಾಗತಿಕ ಸಮಯ) ಟಿಡಿಬಿಗೆ (ದ್ರವ್ಯಕೇಂದ್ರಕ್ಕೆ ಹೊಂದಿಸಿದ ಏಕರೂಪ ಸಮಯ) ಬದಲಿಸಿ. ಸದ್ಯದ ಅಂತರ 69.184 ಸೆಕೆಂಡು. ಹಳೆಯ ಪಟ್ಟಿಗಳಲ್ಲಿ ಯಾವ ಪದ್ಧತಿಯೆಂದು ಬರೆದಿರದಿದ್ದರೆ ಆ ಅಂಕಿಗಳನ್ನು ನಿಮ್ಮದರ ಜತೆ ಬೆರೆಸಲೇಬೇಡಿ. ಇಲ್ಲದ ಅವಧಿ-ಬದಲಾವಣೆಯೊಂದು ಹುಟ್ಟಿಕೊಳ್ಳುತ್ತದೆ.

ಈ ಜೋಡಿಯ ಗ್ರಹಣಗಳೂ ಹಿಂದೆ-ಮುಂದೆ ಸರಿಯುತ್ತವೆ. ಆದರೆ ಅದಕ್ಕೆ ಕಾರಣ ಗುರುತ್ವ ಅಲೆಯಲ್ಲ. ಕೆಂಪು ಕುಬ್ಜದ ಕಾಂತಕ್ಷೇತ್ರವೋ ಕಾಣದ ಇನ್ನೊಂದು ಕಾಯವೋ ಎಂಬ ವಾದ ನಡೆದೇ ಇದೆ. ಅವಧಿ ಬದಲಾದದ್ದನ್ನೆಲ್ಲ ಐನ್‌ಸ್ಟೀನ್ ಖಾತೆಗೆ ಬರೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಪ್ರಶ್ನೆ: ಲುಬ್ಧಕದ ಜತೆಗಾರ ಶ್ವೇತ ಕುಬ್ಜವಲ್ಲವೇ? ನಮಗೆ ಇಷ್ಟು ಹತ್ತಿರವಿರುವ ಆ ಜೋಡಿಯ ಅಲೆ ಏಕೆ ಲೆಕ್ಕಕ್ಕಿಲ್ಲ?
— ಓದುಗರು, ಪುತ್ತೂರು

ದೂರ 8.6 ಜ್ಯೋತಿರ್ವರ್ಷ, ಒಂದು ಸುತ್ತಿಗೆ 50 ವರ್ಷ. ಹಾಗಾಗಿ ಒಂದು ಅಲೆಗೆ 25 ವರ್ಷ. ಸೂತ್ರಕ್ಕೆ ಹಾಕಿದರೆ ಅಲೆಯ ತೀವ್ರತೆ (ಅದು ಹಾದಾಗ ಉದ್ದ ಎಷ್ಟು ಪಾಲು ಹಿಗ್ಗಿ ಕುಗ್ಗುತ್ತದೆ ಎಂಬುದು) ಜೆ1539ರದಕ್ಕೆ ಸರಿಸಮವಾಗಿ ಬರುವುದು ನಿಜ, ಅಷ್ಟು ಹತ್ತಿರವಿದೆ. ಆದರೆ ಒಂದು ಅಲೆಯ ಉದ್ದವೇ 25 ಜ್ಯೋತಿರ್ವರ್ಷ! ನಾವು ಕೂತಿರುವುದು ಮೊದಲ ಅಲೆ ಪೂರ್ತಿ ಬಿಚ್ಚಿಕೊಳ್ಳುವ ಜಾಗಕ್ಕಿಂತಲೂ ಒಳಗೆ. ಕಾಲು ಶತಮಾನಕ್ಕೊಮ್ಮೆ ಏರಿಳಿಯುವ ಅಷ್ಟು ಸಣ್ಣ ಬದಲಾವಣೆಯನ್ನು ಹಿಡಿಯುವ ಉಪಕರಣವಿಲ್ಲ.

ಪ್ರಶ್ನೆ: 2035ರಲ್ಲಿ ಲೀಸಾ ಎಂಬ ನೌಕೆ ಈ ಅಲೆಗಳನ್ನು ಹಿಡಿಯಲಿದೆ ಎಂದು ಓದಿದೆ. 25 ಲಕ್ಷ ಕಿ.ಮೀ. ದೂರದಲ್ಲಿ ಪರಮಾಣುವಿಗಿಂತ ಚಿಕ್ಕ ಬದಲಾವಣೆ ಅಳೆಯುವುದು ನಂಬುವ ಮಾತೇ?
— ನಿವೃತ್ತ ಎಂಜಿನಿಯರ್, ಮೈಸೂರು

ಅನುಮಾನ ಸರಿಯಾಗಿಯೇ ಇದೆ, ಅಂಕಿಗಳನ್ನೇ ನೋಡೋಣ.

ಲೀಸಾ ಒಂದಲ್ಲ, ಮೂರು ನೌಕೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಭೂಮಿಯ ಹಿಂದೆ ಸುಮಾರು 5 ಕೋಟಿ ಕಿ.ಮೀ. ದೂರದಲ್ಲಿ, ಬದಿಗೆ 25 ಲಕ್ಷ ಕಿ.ಮೀ. ಉದ್ದದ ತ್ರಿಕೋನವಾಗಿ ಇವು ಸೂರ್ಯನನ್ನು ಸುತ್ತುತ್ತವೆ. ಪ್ರತಿ ನೌಕೆಯೊಳಗೆ ಚಿನ್ನ-ಪ್ಲಾಟಿನಂ ಮಿಶ್ರಲೋಹದ 46 ಮಿ.ಮೀ. ಘನಗಳು ಎರಡು, ಯಾವುದಕ್ಕೂ ತಾಗದೆ ತೇಲುತ್ತಿರುತ್ತವೆ. ಸೂರ್ಯನ ಬೆಳಕು ನೌಕೆಯನ್ನು ತಳ್ಳಿದರೆ ನೌಕೆಯೇ ಸಣ್ಣ ಥ್ರಸ್ಟರ್‌ಗಳಿಂದ ಸರಿದು ಘನಕ್ಕೆ ಜಾಗ ಮಾಡಿಕೊಡುತ್ತದೆ. ಕಾಸ್ಮಿಕ್ ಕಿರಣಗಳಿಂದ ಘನದ ಮೇಲೆ ಕೂಡುವ ವಿದ್ಯುದಾವೇಶವನ್ನು ನೇರಳಾತೀತ ಬೆಳಕು ಬಿಟ್ಟು ಇಳಿಸುತ್ತಾರೆ. 2015ರ ಡಿಸೆಂಬರ್‌ನಲ್ಲಿ ಹಾರಿದ ಲೀಸಾ ಪಾತ್‌ಫೈಂಡರ್ ಇವೆಲ್ಲವನ್ನೂ ಪರೀಕ್ಷಿಸಿ, ನಿರೀಕ್ಷೆಗಿಂತ ಚೆನ್ನಾಗಿ ತೇರ್ಗಡೆಯಾಯಿತು.

ಒಂದು ನೌಕೆಯಿಂದ ಹೊರಡುವ ಲೇಸರ್ ಸುಮಾರು 2 ವಾಟ್. ಇನ್ನೊಂದನ್ನು ಮುಟ್ಟುವಾಗ ಕಿರಣ ಹತ್ತಿಪ್ಪತ್ತು ಕಿ.ಮೀ. ಅಗಲಕ್ಕೆ ಹರಡಿರುತ್ತದೆ, 30 ಸೆಂ.ಮೀ. ದೂರದರ್ಶಕಕ್ಕೆ ಸಿಗುವುದು ಕೆಲವು ನೂರು ಪಿಕೋವಾಟ್ (ಪಿಕೋ ಎಂದರೆ ಲಕ್ಷ ಕೋಟಿಯಲ್ಲಿ ಒಂದು ಭಾಗ). ಅದನ್ನು ಕನ್ನಡಿಯಿಂದ ಹಿಂದಿರುಗಿಸಿದರೆ ಏನೂ ಉಳಿಯುವುದಿಲ್ಲ. ಅದಕ್ಕೇ ಎದುರಿನ ನೌಕೆ ತನ್ನದೇ ಲೇಸರ್‌ನ ಹೆಜ್ಜೆಯನ್ನು ಬಂದ ಬೆಳಕಿಗೆ ಹೊಂದಿಸಿ ಹಿಂದಕ್ಕೆ ಕಳಿಸುತ್ತದೆ.

ನಿಜವಾದ ತಲೆನೋವು ಲೇಸರ್‌ನ ಸ್ವಂತ ತೊದಲು. ಚೆನ್ನಾಗಿ ಸ್ಥಿರಗೊಳಿಸಿದ ಲೇಸರ್‌ನ ಆವರ್ತಾಂಕವೂ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಅಲ್ಲಾಡುತ್ತದೆ. ತ್ರಿಕೋನದ ಬಾಹುಗಳು ಕಕ್ಷೆಯಲ್ಲಿ ಶೇ 1ರಷ್ಟು ಹಿಗ್ಗಿ ಕುಗ್ಗುವುದರಿಂದ ಎರಡು ಬಾಹುಗಳ ನಡುವೆ 25,000 ಕಿ.ಮೀ. ವ್ಯತ್ಯಾಸ ಇರಬಹುದು. ಎರಡನ್ನೂ ಗುಣಿಸಿದರೆ ಎರಡೂವರೆ ಮೈಕ್ರೋಮೀಟರ್ ದೋಷ. ಬೇಕಾದ್ದು ಪಿಕೋಮೀಟರ್, ಅದಕ್ಕಿಂತ ಹತ್ತು ಲಕ್ಷ ಪಟ್ಟು ಚಿಕ್ಕದು! ಪರಿಹಾರ ಗಣಿತದಲ್ಲಿದೆ. ಪ್ರತಿ ಬಾಹುವಿನ ಅಳತೆಯನ್ನೂ ಬೇರೆಬೇರೆ ದಾಖಲಿಸಿ, ಬೆಳಕು ಹೋಗಿಬಂದ ಸಮಯದಷ್ಟು ಹಿಂದಕ್ಕೆ ಸರಿಸಿ ಕೂಡಿ-ಕಳೆದರೆ, ಎರಡು ಕಡೆ ಹಾದ ಬೆಳಕೂ ಸಮ ದೂರ ನಡೆದಂತಾಗಿ ಲೇಸರ್‌ನ ತೊದಲು ರದ್ದಾಗುತ್ತದೆ. ಒಂದು ಬಾಹುವಿಗೆ ಬೆಳಕಿಗೆ 8.3 ಸೆಕೆಂಡು ಬೇಕು. ಈ ವಿಳಂಬವನ್ನು ಕರಾರುವಾಕ್ಕಾಗಿ ತಿಳಿಯದಿದ್ದರೆ ಇಡೀ ಲೆಕ್ಕ ಕೆಡುತ್ತದೆ.

ಇನ್ನು ಜೆ1539. ಅದರ ಅಲೆಯ ತೀವ್ರತೆ ನಮ್ಮಲ್ಲಿ ಸುಮಾರು 10⁻²². 25 ಲಕ್ಷ ಕಿ.ಮೀ.ಗೆ ಗುಣಿಸಿದರೆ ಪಿಕೋಮೀಟರಿನ ಕಾಲು ಭಾಗ. ಉಪಕರಣದ ಗದ್ದಲ ಅದಕ್ಕಿಂತ ಹೆಚ್ಚು: ಒಂದು ಸೆಕೆಂಡಿನ ಲೆಕ್ಕದಲ್ಲಿ ಹತ್ತಕ್ಕೂ ಮಿಕ್ಕ ಪಿಕೋಮೀಟರ್. ಹಾಗಾದರೆ ಸಂಕೇತ ಮುಳುಗಿಹೋಗಬೇಕಲ್ಲ? ಇಲ್ಲ. ಕಪ್ಪುಕುಳಿ ಡಿಕ್ಕಿಯಂತೆ ಇದು ಕ್ಷಣದಲ್ಲಿ ಮುಗಿಯುವುದಿಲ್ಲ, 4.82 ಮಿಲಿಹರ್ಟ್ಸ್‌ನಲ್ಲಿ ವರ್ಷಗಟ್ಟಲೆ ಒಂದೇ ಸಮನೆ ಬರುತ್ತಲೇ ಇರುತ್ತದೆ. ನಾಲ್ಕು ವರ್ಷ ಅಂದರೆ 12.6 ಕೋಟಿ ಸೆಕೆಂಡು, ಅದರ ವರ್ಗಮೂಲ ಸುಮಾರು 11,000. ಗದ್ದಲ ಅಷ್ಟು ಪಾಲು ಇಳಿದು ಪಿಕೋಮೀಟರಿನ ಸಾವಿರದ ಒಂದು ಭಾಗಕ್ಕೆ ಬರುತ್ತದೆ. ಆಗ ಸಂಕೇತ ಗದ್ದಲಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಮೇಲೆ ನಿಲ್ಲುತ್ತದೆ. ಇಂಥ ಕೆಲವು ಡಜನ್ ಜೋಡಿಗಳು ಈಗಲೇ ಗೊತ್ತಿವೆ. ಎಲ್ಲಿ, ಯಾವ ಆವರ್ತಾಂಕದಲ್ಲಿ, ಎಷ್ಟು ಜೋರಾಗಿ ಕೇಳಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಬಹುದು. ಅವು ಕೇಳದಿದ್ದರೆ ಕೆಟ್ಟಿರುವುದು ಉಪಕರಣವೇ. ನಮ್ಮ ಅಭಿಪ್ರಾಯದಲ್ಲಿ ಕಪ್ಪುಕುಳಿಗಳಿಗೆ ಸಿಗುವ ಪ್ರಚಾರದಲ್ಲಿ ಅರ್ಧವಾದರೂ ಇವಕ್ಕೆ ಸಲ್ಲಬೇಕು.

ಪ್ರಶ್ನೆ: ಕೋಟಿಗಟ್ಟಲೆ ಜೋಡಿಗಳು ಒಟ್ಟಿಗೆ ಅಲೆ ಕಳಿಸಿದರೆ ಒಂದನ್ನೊಂದು ಬೇರ್ಪಡಿಸುವುದು ಹೇಗೆ?
— ಎಂಎಸ್ಸಿ ವಿದ್ಯಾರ್ಥಿ, ಕಲಬುರಗಿ

ಎಲ್ಲವನ್ನೂ ಬೇರ್ಪಡಿಸಲಾಗದು. ನಾಲ್ಕು ವರ್ಷ ಕೇಳಿದರೆ 8 ನ್ಯಾನೋಹರ್ಟ್ಸ್ ಅಂತರದ ಎರಡು ಸ್ವರಗಳನ್ನು ಬೇರೆ ಎಂದು ಗುರುತಿಸಬಹುದು. ಅಂದರೆ ಒಂದು ಮಿಲಿಹರ್ಟ್ಸ್ ಅಗಲದಲ್ಲಿ ಸುಮಾರು 1,26,000 ಮನೆಗಳು. ಸಾಕಷ್ಟಾಯಿತಲ್ಲ ಅನ್ನಿಸಬಹುದು, ಆದರೆ ಜೋಡಿಗಳು ಈ ಮನೆಗಳಲ್ಲಿ ಸಮನಾಗಿ ಹಂಚಿಕೊಂಡಿಲ್ಲ. ತಲಾ 0.6 ಸೂರ್ಯ ತೂಕದ ಜೋಡಿಯನ್ನು ತೆಗೆದುಕೊಳ್ಳಿ. ಅವಧಿ 10 ಗಂಟೆಯಿದ್ದರೆ ಒಂದಾಗಲು ವಿಶ್ವದ ಈಗಿನ ವಯಸ್ಸಿನಷ್ಟು ಕಾಲ ಬೇಕು. 1 ಗಂಟೆಯಿದ್ದರೆ 3 ಕೋಟಿ ವರ್ಷ, 10 ನಿಮಿಷವಿದ್ದರೆ ಎರಡೂವರೆ ಲಕ್ಷ ವರ್ಷ, 2 ನಿಮಿಷವಿದ್ದರೆ ಮೂರು ಸಾವಿರ ಚಿಲ್ಲರೆ. ನಿಧಾನದ ಹಂತದಲ್ಲೇ ಆಯುಷ್ಯದ ಬಹುಪಾಲು ಕಳೆಯುವುದರಿಂದ ಕಡಿಮೆ ಆವರ್ತಾಂಕದಲ್ಲಿ ಒಂದೊಂದು ಮನೆಗೂ ಹಲವು ಜೋಡಿ ಬಂದು ಬೀಳುತ್ತವೆ. ಸುಮಾರು 2–3 ಮಿಲಿಹರ್ಟ್ಸ್‌ಗಿಂತ ಕೆಳಗೆ ಕೇಳುವುದು ಜಾತ್ರೆಯ ಗೌಜು, ಹತ್ತಿರ ನಿಂತವರ ದನಿ ಮಾತ್ರ ಬಿಡಿಯಾಗಿ ತಿಳಿಯುತ್ತದೆ. ಅದಕ್ಕಿಂತ ಮೇಲೆ ದಾರಿ ತೆರವು. ಒಟ್ಟಾರೆ ಹತ್ತಾರು ಸಾವಿರ ಜೋಡಿ ಬಿಡಿಬಿಡಿಯಾಗಿ ಸಿಗಬಹುದೆಂಬ ಅಂದಾಜಿದೆ.

ದಿಕ್ಕು ತಿಳಿಯುವುದು ಡಾಪ್ಲರ್ ಪರಿಣಾಮದಿಂದ, ಅಂದರೆ ಚಲನೆಯಿಂದ ಆವರ್ತಾಂಕ ಏರಿಳಿಯುವುದರಿಂದ. ಲೀಸಾ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುವಾಗ 5 ಮಿಲಿಹರ್ಟ್ಸ್‌ನ ಸ್ವರ ವರ್ಷಕ್ಕೊಮ್ಮೆ ಅರ್ಧ ಮೈಕ್ರೋಹರ್ಟ್ಸ್ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಜಾರುವ ಕ್ರಮ ಆಕಾಶದ ಯಾವ ಭಾಗದಿಂದ ಬಂತೆಂಬುದರ ಮೇಲೆ ನಿಂತಿದೆ. ದೂರ ಬೇಕೆಂದರೆ ಆವರ್ತಾಂಕ ಏರುವ ದರ ಬೇಕು. ಜೆ1539ರಲ್ಲಿ ನಾಲ್ಕು ವರ್ಷಕ್ಕೆ ಅದು ನಾಲ್ಕು ಮನೆಯಷ್ಟು ಸರಿಯುತ್ತದೆ. ಅದರಿಂದ ತೂಕ, ತೂಕ ಮತ್ತು ತೀವ್ರತೆಯಿಂದ ದೂರ. ಮೇಲೆ ಹೇಳಿದ ಉಬ್ಬರದ ಸೆಳೆತವನ್ನು ಮರೆತರೆ ತೂಕ ಹೆಚ್ಚಾಗಿ ಬರುತ್ತದೆ, ದೂರವೂ ತಪ್ಪುತ್ತದೆ.

ಪ್ರಶ್ನೆ: ಕೊನೆಗೆ ಇವು ಸಿಡಿಯುತ್ತವೆಯೇ?
— ಓದುಗರು, ಚಿಕ್ಕಮಗಳೂರು

ಎಲ್ಲವೂ ಅಲ್ಲ. ಎರಡೂ ಭಾರವಾಗಿದ್ದು ಒಟ್ಟು ತೂಕ ಚಂದ್ರಶೇಖರ್ ಮಿತಿಯಾದ (ಶ್ವೇತ ಕುಬ್ಜ ತಾಳಬಲ್ಲ ಗರಿಷ್ಠ ತೂಕವಾದ) 1.4 ಸೂರ್ಯರನ್ನು ದಾಟಿದರೆ ಟೈಪ್ 1ಎ ಸೂಪರ್‌ನೋವಾ, ಅಂದರೆ ಶ್ವೇತ ಕುಬ್ಜದ ಮಹಾಸ್ಫೋಟ, ಆಗುವ ಸಾಧ್ಯತೆ ಇದೆ. ಮಿತಿಗಿಂತ ಕಡಿಮೆಯಿದ್ದರೂ ಮೇಲಿನ ಹೀಲಿಯಂ ಪದರ ಸಿಡಿದು ಒಳಗನ್ನು ಹೊತ್ತಿಸಬಹುದು ಎಂಬ ವಾದವೂ ಇದೆ. ಜೆ1539ರ ಒಟ್ಟು ತೂಕ 0.82 ಮಾತ್ರ, ಸೇರಲು ಸುಮಾರು ಎರಡು ಲಕ್ಷ ವರ್ಷವಿದೆ. ಅಂಥವು ಕೂಡಿಕೊಂಡು ಹೀಲಿಯಂ ತುಂಬಿದ ಉಬ್ಬಿದ ನಕ್ಷತ್ರವಾಗಬಹುದು. ಇಲ್ಲವೇ ಹಗುರದ್ದು ತನ್ನ ಅನಿಲವನ್ನು ಭಾರದ್ದಕ್ಕೆ ಸುರಿಯುತ್ತಾ ಹೋಗಬಹುದು. ಶ್ವೇತ ಕುಬ್ಜ ತೂಕ ಕಳೆದುಕೊಂಡಷ್ಟೂ ಹಿಗ್ಗುತ್ತದೆ, ಆಗ ಕಕ್ಷೆ ಮತ್ತೆ ಅಗಲವಾಗುತ್ತದೆ. ಹೀಗೆ ಅನಿಲ ಸುರಿಯುವ, ಎಎಂ ಸಿವಿಎನ್ ಎಂಬ ಬಗೆಯ ಜೋಡಿಗಳಲ್ಲಿ ಅವಧಿ 5 ನಿಮಿಷದಿಂದ 65 ನಿಮಿಷದವರೆಗೆ ಕಾಣುವುದು ಈ ಹಿಮ್ಮುಖ ಪಯಣದಿಂದಲೇ.

ಪ್ರಶ್ನೆ: ದೂರದರ್ಶಕವಿಲ್ಲದೆ, ಬರೀ ಕಂಪ್ಯೂಟರಿನಲ್ಲಿ ಈ ವಿಷಯದಲ್ಲಿ ಏನಾದರೂ ಮಾಡಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬೆಂಗಳೂರು

ನಿಮ್ಮೂರಿನಲ್ಲೇ ಈ ವಿದ್ಯೆಗೆ ಹಳೆಯ ಬೇರಿದೆ. ಸುತ್ತುತ್ತಾ ಹತ್ತಿರವಾಗುವ ಜೋಡಿಗಳ ಅಲೆಯ ಆಕಾರವನ್ನು ಲೆಕ್ಕ ಹಾಕುವಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಅವರ ಕೆಲಸ ಪ್ರಸಿದ್ಧ. ಐಸಿಟಿಎಸ್‌ನಲ್ಲಿ (ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ) ಲೈಗೊ ದತ್ತಾಂಶದ ಮೇಲೆ ಕೆಲಸ ಮಾಡುವ ತಂಡವಿದೆ.

ಶುರುಮಾಡಲು ಝ್ವಿಕಿ ಸಮೀಕ್ಷೆಯ ಸಾರ್ವಜನಿಕ ದತ್ತಾಂಶದಿಂದ ಜೆ1539ರ ಕಾಂತಿ ಅಳತೆಗಳನ್ನು ಇಳಿಸಿಕೊಳ್ಳಿ. ಸಮಯವನ್ನು ದ್ರವ್ಯಕೇಂದ್ರಕ್ಕೆ ತಂದು, ಅವಧಿಯಿಂದ ಭಾಗಿಸಿ ಮಡಚಿ, ಅಂದರೆ ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಕೂರಿಸಿ. 414.79 ಎಂದಷ್ಟೇ ಹಾಕಿದರೆ ಏನೂ ಕಾಣದು. ಮೂರು ವರ್ಷಕ್ಕೆ 2,28,000 ಸುತ್ತಾಗುವುದರಿಂದ, ಅವಧಿಯಲ್ಲಿ ಸೆಕೆಂಡಿನ ಹತ್ತುಸಾವಿರದ ಒಂದು ಭಾಗ ತಪ್ಪಿದರೂ 23 ಸೆಕೆಂಡು ಆಚೀಚೆಯಾಗುತ್ತದೆ. ಅವಧಿಯನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸುತ್ತಾ ಹುಡುಕಿ. ಆಮೇಲೂ ಗ್ರಹಣ ಮಸುಕಾಗಿದ್ದರೆ ಕುಗ್ಗುವ ದರವನ್ನು ಬಿಟ್ಟಿದ್ದೀರಿ ಎಂದರ್ಥ: 2.37 × 10⁻¹¹ ಸೇರಿಸದಿದ್ದರೆ ಮೂರು ವರ್ಷದಲ್ಲಿ ಗ್ರಹಣ 256 ಸೆಕೆಂಡು, ಅರ್ಧ ಸುತ್ತಿಗೂ ಹೆಚ್ಚು ಸರಿದಿರುತ್ತದೆ. ಎಲ್ಲ ಸರಿಯಾದರೂ ಗ್ರಹಣದ ತಳ ನಿಜಕ್ಕಿಂತ ಆಳ ಕಡಿಮೆಯಾಗಿ ಕಾಣುತ್ತದೆ. ಆ ಸಮೀಕ್ಷೆಯ ಒಂದು ಎಕ್ಸ್‌ಪೋಷರ್ 30 ಸೆಕೆಂಡು, ಗ್ರಹಣವೂ ಹೆಚ್ಚುಕಡಿಮೆ ಅಷ್ಟೇ.